ಆಫ್ರಿಕಾ ಖಂಡದ ಅಭ್ಯುದಯವೂ ವ್ಯಕ್ತಿಯ ಹೊಣೆಯೂ

(ಶ್ರೀಮಠದ ಮಹೋತ್ಸವದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)

 

ಮಠದ ಮಹೋತ್ಸವದಲ್ಲಿ ಶಿವಾನುಭವದ ಮಾತು ನಡೆಯುವುದು ವಾಡಿಕೆ. ಅಂಥ ಮಂಟಪದಲ್ಲಿ ನಿಂತು ಸಮುದ್ರದಾಚೆಯ ಆಫ್ರಿಕಾ ಖಂಡದ ವಿಷಯವನ್ನು ಎತ್ತುವುದು ಕೆಲವರಿಗೆ ಅಪ್ರಸ್ತುತವಾಗಿ ತೋರಬಹುದು. ಅವರು ಈ ಹೊತ್ತು ದಾಸೋಹದ ಪಂಕ್ತಿಯಲ್ಲಿ ತಾವು ಪ್ರಸಾದವೆಂದು ಸ್ವೀಕರಿಸಿದ ಜೋಳದ ರೊಟ್ಟಿಯನ್ನು ಒಮ್ಮೆ ನೆನೆಯಬೇಕೆಂದು ಪ್ರಾರ್ಥಿಸುತ್ತೇನೆ. ಆ ಜೋಳವು ಕಾಡುಹುಲ್ಲಾಗಿದ್ದುದು ಮನುಷ್ಯನ ಕೈಯಲ್ಲಿ ಪಳಗಿ ಧಾನ್ಯವಾದದ್ದು ಇಂದಿನ ಸೂಡಾನ್ ದೇಶದ ಪೂರ್ವಭಾಗದಲ್ಲಿ, ಸುಮಾರು 5000 ವರ್ಷಗಳ ಹಿಂದೆ. ಸಜ್ಜೆಯು ಪಶ್ಚಿಮ ಆಫ್ರಿಕಾದಲ್ಲಿ, ಮರಳುಗಾಡಿನ ಅಂಚಿನಲ್ಲಿ ಹುಟ್ಟಿತು. ದಕ್ಷಿಣದ ಜಿಲ್ಲೆಗಳವರು ಮುದ್ದೆ ಮಾಡಿ ಉಣ್ಣುವ ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಹೆಸರು ತಿಳಿಯದ ಒಕ್ಕಲುಮಕ್ಕಳು ತೆನೆಗಳಲ್ಲಿ ಒಳ್ಳೆಯ ತೆನೆಯನ್ನು ಆರಿಸಿ ಬೀಜಕ್ಕಿಟ್ಟುಕೊಂಡ ಫಲವು ನಮ್ಮ ತಟ್ಟೆಗೆ ಬಂದಿದೆ. ನಮ್ಮ ಮಠಗಳ ದಾಸೋಹವು ಯಾವ ಧಾನ್ಯಗಳ ಮೇಲೆ ನಿಂತಿದೆಯೋ ಆ ಧಾನ್ಯಗಳ ಋಣವು ನಮಗೆ ಆ ಖಂಡದ್ದು.

ಇನ್ನೊಂದು ಸಂಬಂಧವೂ ಉಂಟು. ಅದು ಅಷ್ಟು ಸಂತೋಷದ್ದಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡುಸೀಮೆಯಲ್ಲಿ ವಾಸಿಸುವ ಸಿದ್ದಿ ಜನರ ಪೂರ್ವಜರಲ್ಲಿ ಬಹುಮಂದಿ ಪೋರ್ತುಗೀಜರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ತರಲ್ಪಟ್ಟವರು. ಅವರು ಇಂದು ಕನ್ನಡನಾಡಿನ ಮಕ್ಕಳೇ. ಹೀಗಿರುವಲ್ಲಿ ಆಫ್ರಿಕಾವು ನಮಗೆ ತೀರ ಪರದೇಶವೆಂದು ಹೇಳುವಂತಿಲ್ಲ.

ಆಫ್ರಿಕಾ ಎಂದೊಡನೆ ಒಂದು ದೇಶವೆಂಬಂತೆ ಮಾತನಾಡುವುದು ನಮ್ಮಲ್ಲಿ ರೂಢಿಯಾಗಿದೆ. ಅದು 54 ಸ್ವತಂತ್ರ ರಾಷ್ಟ್ರಗಳ ಖಂಡ. ಜನಸಂಖ್ಯೆಯು ಸುಮಾರು 150 ಕೋಟಿ. ಅವರಲ್ಲಿ ಅರ್ಧಕ್ಕರ್ಧ ಮಂದಿ ಇಪ್ಪತ್ತು ವರ್ಷಗಳ ಒಳಗಿನವರು. ಇಷ್ಟು ಎಳೆಯ ಖಂಡವು ಭೂಮಿಯ ಮೇಲೆ ಇನ್ನೊಂದಿಲ್ಲ. ಇದರ ನಾಳೆಯ ಹೊಣೆಯನ್ನು ಹೊರಬೇಕಾದವರು ಯಾರೆಂಬುದೇ ಇಂದಿನ ವಿಷಯ.

ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳು ಪ್ರಚಾರದಲ್ಲಿವೆ. ಹೊರಗಿನವರೇ ಕೆಡಿಸಿದರು, ಹೊರಗಿನವರೇ ಸರಿಪಡಿಸಬೇಕೆಂಬುದು ಒಂದು. ಇದರಲ್ಲಿ ಸತ್ಯವಿಲ್ಲದಿಲ್ಲ. 1884–85ರಲ್ಲಿ ಬರ್ಲಿನ್ ನಗರದಲ್ಲಿ ಯುರೋಪಿನ ರಾಷ್ಟ್ರಗಳು ಸಭೆ ಸೇರಿ ಆ ಖಂಡವನ್ನು ಹಂಚಿಕೊಳ್ಳುವ ನಿಯಮಗಳನ್ನು ಗೊತ್ತುಮಾಡಿದುವು. ಆ ಸಭೆಯಲ್ಲಿ ಆಫ್ರಿಕಾದವನೊಬ್ಬನೂ ಕುಳಿತಿರಲಿಲ್ಲ. ಅಲ್ಲಿಯವರೇ ಅಯೋಗ್ಯರು, ಅವರ ನಾಯಕರು ಹೊಟ್ಟೆಬಾಕರು ಎಂಬುದು ಎರಡನೆಯ ಉತ್ತರ. ಇದಕ್ಕೂ ಆಧಾರವಿದೆ. 1965ರಿಂದ 1997ರವರೆಗೆ ಕಾಂಗೋ ದೇಶವನ್ನಾಳಿದ ಮೊಬುಟು ತನ್ನ ಹುಟ್ಟುಸೀಮೆಯ ದಟ್ಟಡವಿಯ ನಡುವೆ ಅಮೃತಶಿಲೆಯ ಅರಮನೆಗಳನ್ನೂ ಭಾರಿ ವಿಮಾನಗಳಿಳಿಯುವ ನಿಲ್ದಾಣವನ್ನೂ ಕಟ್ಟಿಸಿದನು; ಪ್ರಜೆಗಳಿಗೆ ರಸ್ತೆಯಿರಲಿಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಹಿಂದಕ್ಕೆ ಕೊಟ್ಟು ಬರುವಂತೆ ಹೇಳಿದ ಕಥೆಯನ್ನು ನಾವೆಲ್ಲರೂ ಬಲ್ಲೆವು. ಅಂಥ ಮಾತನ್ನು ಕೇಳಿಸುವವರು ಅಂಥ ಅರಮನೆಗಳಲ್ಲಿ ಇರಲಿಲ್ಲ, ಇದ್ದವರು ಉಳಿಯಲಿಲ್ಲ.

ಆದರೆ ಈ ಎರಡು ಉತ್ತರಗಳಿಗೂ ಒಂದು ಸಮಾನವಾದ ಕೊರತೆಯುಂಟು. ಎರಡರಲ್ಲಿಯೂ ಹೊಣೆಯು ಯಾವಾಗಲೂ ಬೇರೆಯವನ ಹೆಗಲ ಮೇಲೆಯೇ ಇರುತ್ತದೆ. ಆದ್ದರಿಂದ ಆ ವಾದಗಳನ್ನು ಇಲ್ಲಿಗೆ ಬಿಟ್ಟು, ಬೇರೆ ಬಗೆಯಾಗಿ ನಡೆದುಕೊಂಡ ಒಬ್ಬ ಒಕ್ಕಲಿಗನ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬಯಸುತ್ತೇನೆ.

ಸಹಾರಾ ಮರುಭೂಮಿಯ ದಕ್ಷಿಣದ ಅಂಚಿಗೆ ಸಾಹೇಲ್ ಎಂದು ಹೆಸರು. ಅರಬ್ಬೀ ಭಾಷೆಯಲ್ಲಿ ಈ ಶಬ್ದಕ್ಕೆ ದಡವೆಂದರ್ಥ. ಮರಳೇ ಅಲ್ಲಿಯ ಕಡಲು. ಆ ದಡದಲ್ಲಿ ಬುರ್ಕಿನಾ ಫಾಸೊ ಎಂಬ ದೇಶ, ಅದರ ಉತ್ತರಭಾಗದಲ್ಲಿ ಯಾಟೆಂಗಾ ಎಂಬ ಸೀಮೆ, ಊಹಿಗುಯಾ ಎಂಬ ಪೇಟೆಯ ಹತ್ತಿರ ಗೂರ್ಗಾ ಎಂಬ ಹಳ್ಳಿ. 1970ರ ದಶಕದ ಮೊದಲ ವರ್ಷಗಳಲ್ಲಿಯೂ 1980ರ ದಶಕದ ಮೊದಲಲ್ಲಿಯೂ ಅಲ್ಲಿ ಘೋರವಾದ ಬರ ಬಿದ್ದಿತು. ಮಣ್ಣಿನ ಮೇಲ್ಮೈ ಹೆಪ್ಪುಗಟ್ಟಿ ಹಂಚಿನಂತಾಯಿತು. ಬಿದ್ದ ಅಲ್ಪ ಮಳೆಯೂ ಒಳಗಿಳಿಯದೆ ಹರಿದುಹೋಗುತ್ತಿತ್ತು. ಜನರು ಊರು ಬಿಟ್ಟು ದಕ್ಷಿಣದ ದೇಶಗಳಿಗೆ ಗುಳೆ ಹೋದರು. ಗುಳೆಯೆಂದರೇನೆಂಬುದನ್ನು ರಾಯಚೂರು ವಿಜಾಪುರಗಳ ಕಡೆಯವರಿಗೆ ನಾನು ವಿವರಿಸಬೇಕಾಗಿಲ್ಲ.

ಇದಕ್ಕೆ ಮುಂಚೆ ಸರಕಾರವು ಸುಮ್ಮನೆ ಕುಳಿತಿರಲಿಲ್ಲವೆಂಬುದನ್ನು ಗಮನಿಸಬೇಕು. 1962ರಿಂದ 1965ರವರೆಗೆ ಅದೇ ಯಾಟೆಂಗಾದಲ್ಲಿ ದೊಡ್ಡ ಯಂತ್ರಗಳನ್ನು ತರಿಸಿ, ಲಕ್ಷಕ್ಕೂ ಮಿಕ್ಕ ಹೆಕ್ಟೇರ್ ಭೂಮಿಯಲ್ಲಿ ಮಣ್ಣಿನ ಒಡ್ಡುಗಳನ್ನು ಹಾಕಿಸಿದರು. ಹಣವಿತ್ತು, ಇಂಜಿನಿಯರುಗಳಿದ್ದರು, ನಕ್ಷೆಗಳಿದ್ದುವು. ಹೊಲದೊಡೆಯರನ್ನು ಮಾತ್ರ ಒಂದು ಮಾತು ಕೇಳಿರಲಿಲ್ಲ. ಯಾರೋ ಬಂದು ಹಾಕಿದ ಒಡ್ಡು ಯಾರದೂ ಅಲ್ಲವಾಯಿತು. ಒಡೆದಾಗ ಕಟ್ಟುವವರಿಲ್ಲದೆ ಕೆಲವೇ ವರ್ಷಗಳಲ್ಲಿ ಹಾಳಾಯಿತು.

ಗೂರ್ಗಾದ ಯಾಕುಬಾ ಸಾವಡೊಗೊ ಎಂಬಾತನು ಪೇಟೆಯಲ್ಲಿ ಸಣ್ಣ ವ್ಯಾಪಾರವನ್ನು ನಡೆಸಿಕೊಂಡಿದ್ದವನು. ಶಾಲೆಯ ವಿದ್ಯೆ ಆತನಿಗೆ ದೊರೆತಿರಲಿಲ್ಲ. ಊರವರು ಊರು ಬಿಡುತ್ತಿದ್ದ ಸುಮಾರು 1980ರ ಹೊತ್ತಿನಲ್ಲಿ ಆತನು ವ್ಯಾಪಾರವನ್ನು ಬಿಟ್ಟು ಊರಿಗೆ ಮರಳಿದನು. ಅಲ್ಲಿಯ ಹಿರಿಯರು ತೀರ ಕೆಟ್ಟ ನೆಲದಲ್ಲಿ ಸಣ್ಣ ಕುಣಿಗಳನ್ನು ತೋಡಿ ಬಿತ್ತುವ ಒಂದು ಹಳೆಯ ಕ್ರಮವಿತ್ತು; ಅದಕ್ಕೆ ಝಾಯಿ ಎನ್ನುವರು. ಯಾಕುಬಾ ಆ ಕುಣಿಯನ್ನು ಗೇಣಿಗೂ ಮಿಕ್ಕಿ ಅಗಲ ಮಾಡಿದನು, ಆಳವನ್ನೂ ಹೆಚ್ಚಿಸಿದನು, ಅದರಲ್ಲಿ ತಿಪ್ಪೆಗೊಬ್ಬರವನ್ನು ಹಾಕಿದನು. ಇದನ್ನೆಲ್ಲ ಮಳೆಗಾಲಕ್ಕೆ ಮುಂಚೆ, ನೆಲವು ಕಲ್ಲಿನಂತಿರುವ ಬೇಸಗೆಯಲ್ಲಿಯೇ ಮಾಡಿದನು. ಗೊಬ್ಬರದ ವಾಸನೆಗೆ ಗೆದ್ದಲು ಬಂದಿತು. ಗೆದ್ದಲನ್ನು ಶತ್ರುವೆಂದು ತಿಳಿಯುವವರು ನಾವು. ಆತನ ಕುಣಿಯಲ್ಲಿ ಅದು ಆಳುಗಳು ಮಾಡಲಾರದ ಕೆಲಸವನ್ನು ಮಾಡಿತು: ಹೆಪ್ಪುಗಟ್ಟಿದ ಮಣ್ಣಿನೊಳಗೆ ಸಾವಿರ ಸಣ್ಣ ನಾಳಗಳನ್ನು ಕೊರೆಯಿತು. ಮೊದಲ ಮಳೆಯ ನೀರು ಆ ನಾಳಗಳಲ್ಲಿ ಇಳಿದು ಉಳಿಯಿತು. ಕುಣಿಯಲ್ಲಿ ಬಿತ್ತಿದ ಜೋಳ ಸಜ್ಜೆಗಳು ಮಳೆ ತಡವಾದರೂ ಬಾಡದೆ ನಿಂತವು. ನೀರಿನ ಓಟವನ್ನು ತಗ್ಗಿಸುವುದಕ್ಕೆ ಹೊಲಗಳಲ್ಲಿ ಸಾಲಾಗಿ ಕಲ್ಲುಗಳನ್ನು ಇಟ್ಟನು. ಗೊಬ್ಬರದೊಡನೆ ಬಂದ ಮರಗಳ ಬೀಜಗಳೂ ಕುಣಿಗಳಲ್ಲಿ ಮೊಳೆತುವು. ಆತನು ಅವನ್ನು ಕಿತ್ತೊಗೆಯದೆ ಕಾಪಾಡಿದನು. ಕಾಲಕ್ರಮದಲ್ಲಿ ಬೋಳುನೆಲದ ಮೇಲೆ ಸುಮಾರು 40 ಹೆಕ್ಟೇರ್ ಕಾಡು ಎದ್ದುನಿಂತಿತು. ಅದರಲ್ಲಿ 60ಕ್ಕೂ ಹೆಚ್ಚು ಜಾತಿಯ ಗಿಡಮರಗಳು.

ಇದು ಸುಲಭವಾಗಿ ನಡೆದುದೆಂದು ತಿಳಿಯಬಾರದು. ಬೇಸಗೆಯಲ್ಲಿ ಬರಿನೆಲವನ್ನು ಅಗೆಯುವವನನ್ನು ಊರು ಹುಚ್ಚನೆಂದಿತು. ಆತನು ಬೆಳೆಸಿದ ಗಿಡಗಳಿಗೆ ಬೆಂಕಿಯಿಟ್ಟವರೂ ಇದ್ದರು. ಆತನು ಮರಳಿ ನೆಟ್ಟನು. ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹಿರಿದಾಗಿ ತೋರುವುದು ಅನಂತರದ ಸಂಗತಿ. ಫಲ ಕೈಸೇರಿದ ಮೇಲೆ ಆತನು ತನ್ನ ಹೊಲಕ್ಕೆ ಬೇಲಿ ಕಟ್ಟಿಕೊಂಡು ಸುಮ್ಮನಾಗಬಹುದಿತ್ತು. ಹಾಗೆ ಮಾಡದೆ ತನ್ನ ಹೊಲದಲ್ಲಿಯೇ ಒಂದು ಬಗೆಯ ಸಂತೆಯನ್ನು ಕೂಡಿಸತೊಡಗಿದನು. ಸುತ್ತಲಿನ ಹಳ್ಳಿಗಳ ಒಕ್ಕಲಿಗರು ತಂತಮ್ಮ ಬೀಜಗಳನ್ನು ತಂದು ವಿನಿಮಯ ಮಾಡಿಕೊಂಡರು, ಕುಣಿ ತೋಡುವ ಕ್ರಮವನ್ನು ಕಣ್ಣಾರೆ ಕಂಡು ಕಲಿತರು. ಗುಳೆ ಹೋದವರಲ್ಲಿ ಅನೇಕರು ಊರಿಗೆ ಮರಳಿದರು. 2018ರಲ್ಲಿ ಸ್ವೀಡನ್ ದೇಶದ ರೈಟ್ ಲೈವ್ಲಿಹುಡ್ ಎಂಬ ಪ್ರಶಸ್ತಿಯು ಆತನಿಗೆ ಬಂದಿತು. 2023ನೆಯ ಡಿಸೆಂಬರ್ ತಿಂಗಳಲ್ಲಿ ಆತನು ತೀರಿಕೊಂಡನು.

ಇದನ್ನು ಕೇಳಿದೊಡನೆ ನಮ್ಮಲ್ಲಿ ಕೆಲವರು, ಇದೇ ನಮ್ಮ ಕಾಯಕ, ಇದೇ ನಮ್ಮ ದಾಸೋಹ ಎಂದು ಎದೆಯುಬ್ಬಿಸಬಹುದು. ದುಡಿಮೆಯು ತನ್ನದು, ಫಲವು ತನ್ನೊಬ್ಬನದಲ್ಲ ಎಂಬ ತತ್ತ್ವವು ಅಲ್ಲಿ ಕಾಣುವುದು ನಿಜವೇ. ಆದರೆ ಆತನು ಕಲ್ಯಾಣದ ಹೆಸರನ್ನು ಕೇಳಿದವನಲ್ಲ. ಮುಸಲ್ಮಾನ ಧರ್ಮದ ಒಬ್ಬ ಶ್ರದ್ಧಾಳು. ಬಸವಾದಿ ಪ್ರಮಥರು ಹೇಳಿದ್ದನ್ನು ಓದದೆಯೇ ಒಬ್ಬನು ಮಾಡಿ ತೋರಿಸಿದರೆ, ಓದಿಯೂ ಮಾಡದಿರುವವರು ತಲೆ ತಗ್ಗಿಸಬೇಕಲ್ಲದೆ ಎದೆಯುಬ್ಬಿಸುವುದು ಸಲ್ಲದು.

ಇನ್ನು ಒಂದು ತೊಡಕನ್ನು ಮುಚ್ಚಿಡದೆ ಹೇಳಬೇಕು. ನಿನ್ನ ಹೊಣೆಯನ್ನು ನೀನೇ ಹೊರು ಎಂಬ ಉಪದೇಶವು ಉಳ್ಳವರ ಬಾಯಲ್ಲಿ ಬಹಳ ಸುಲಭವಾಗಿ ಬರುತ್ತದೆ. ಇಲ್ಲದವನ ಕಿವಿಯಲ್ಲಿ ಅದು ಕ್ರೂರವಾಗಿ ಕೇಳುತ್ತದೆ. ಬುರ್ಕಿನಾದ ನೆರೆಯ ನೈಜರ್ ದೇಶದ ಸಂಗತಿಯು ಇದನ್ನು ಸ್ಪಷ್ಟಪಡಿಸುವುದು. ಅಲ್ಲಿ ಫ್ರೆಂಚರ ಕಾಲದಿಂದ ಬಂದ ಕಾನೂನಿನ ಮೇರೆಗೆ ಹೊಲದಲ್ಲಿ ಬೆಳೆದ ಮರವು ರೈತನದಲ್ಲ, ಸರಕಾರದ್ದಾಗಿತ್ತು. ರೆಂಬೆ ಕಡಿದರೆ ದಂಡ ಬೀಳುತ್ತಿತ್ತು. ಇದರ ಪರಿಣಾಮವೇನಾಯಿತು? ತನ್ನದಲ್ಲದ ಮರವನ್ನು ರೈತನು ಸಸಿಯಾಗಿರುವಾಗಲೇ ಕಿತ್ತು ಬಿಸುಟನು. ಹೊಲಗಳು ಬೋಳಾದುವು, ಗಾಳಿಗೆ ಮರಳು ಬಿತ್ತನೆಯನ್ನು ಮುಚ್ಚಿತು. ಸರಕಾರವೂ ಪರದೇಶದ ದಾನಿಗಳೂ ನೆಡಿಸಿದ ಸಸಿಗಳಲ್ಲಿ ಬಹುತೇಕ ಸತ್ತುವು. 1983ರ ಸುಮಾರಿಗೆ ಮರಾಡಿ ಎಂಬ ಸೀಮೆಯಲ್ಲಿ ಕೆಲಸ ಮಾಡುತ್ತಿದ್ದ ಟೋನಿ ರಿನಾಡೊ ಎಂಬ ಆಸ್ಟ್ರೇಲಿಯಾದ ಕ್ರೈಸ್ತ ಮಿಷನರಿಯು ಹೊಲದಲ್ಲಿ ಅಲ್ಲಲ್ಲಿ ಕಾಣುತ್ತಿದ್ದ ಪೊದೆಗಳನ್ನು ಪರೀಕ್ಷಿಸಿ ನೋಡಿದನು. ಅವು ಪೊದೆಗಳಲ್ಲ, ಹಿಂದೆ ಕಡಿದ ಮರಗಳ ಬೊಡ್ಡೆಗಳಿಂದ ಹೊರಟ ಚಿಗುರು. ಮಣ್ಣಿನ ಕೆಳಗೆ ಬೇರುಗಳಾಗಿ ಒಂದು ಕಾಡೇ ಬದುಕಿತ್ತು. ಚಿಗುರುಗಳಲ್ಲಿ ಬಲವಾದ ನಾಲ್ಕಾರನ್ನು ಉಳಿಸಿ ಮಿಕ್ಕವನ್ನು ಸವರಿದರೆ ಸಾಕು, ನೆಡುವ ಖರ್ಚೇ ಇಲ್ಲ.

ಆದರೂ ರೈತನು ಯಾಕೆ ಉಳಿಸಬೇಕು? ಮರವು ಅವನದೆಂದು ಅಧಿಕಾರಿಗಳು ವ್ಯವಹಾರದಲ್ಲಿಯಾದರೂ ಒಪ್ಪಿ ಬಿಗಿಯನ್ನು ಸಡಿಲಿಸಿದ ಮೇಲೆಯೇ ಈ ಕ್ರಮವು ಹಳ್ಳಿಯಿಂದ ಹಳ್ಳಿಗೆ ಹಬ್ಬಿತು. ಇಂದು ಆ ದೇಶದಲ್ಲಿ ಸುಮಾರು 50 ಲಕ್ಷ ಹೆಕ್ಟೇರ್ ಹೊಲಗಳಲ್ಲಿ 20 ಕೋಟಿ ಮರಗಳು ಹೀಗೆ ಮರಳಿ ಎದ್ದಿವೆಯೆಂದು ತಜ್ಞರು ಅಂದಾಜು ಮಾಡಿದ್ದಾರೆ. ಅವುಗಳಲ್ಲಿ ಗಾವೊ ಎಂಬ ಮರವೊಂದುಂಟು, ನಮ್ಮ ಜಾಲಿಯ ಬಳಗದ್ದು. ಅದು ಮಳೆಗಾಲದಲ್ಲಿ ಎಲೆಯುದುರಿಸಿ ಬೆಳೆಗೆ ಬಿಸಿಲು ಬಿಡುತ್ತದೆ. ಬೇಸಗೆಯಲ್ಲಿ ಚಿಗುರಿ ದನಕ್ಕೆ ನೆರಳೂ ಮೇವೂ ಕೊಡುತ್ತದೆ. ಒಕ್ಕಲಿಗನ ಮೇಲೆ ಇಷ್ಟು ಕನಿಕರವುಳ್ಳ ಮರವನ್ನು ಅವನೇ ಕಡಿಯುವಂತೆ ಮಾಡಿದ್ದು ಕಾನೂನು. ಅಂದಮೇಲೆ ಹೊಣೆಯನ್ನು ಹೊರು ಎಂದು ಹೇಳುವವನು ಮೊದಲು ಹಕ್ಕನ್ನು ಬಿಟ್ಟುಕೊಡಬೇಕು. ನಮ್ಮ ಸರಕಾರಗಳಿಗೂ, ಮಠಮಾನ್ಯಗಳ ಆಡಳಿತಕ್ಕೂ ಈ ಮಾತು ಅನ್ವಯಿಸುವುದೆಂದು ವಿನಯದಿಂದ ಸೂಚಿಸುತ್ತೇನೆ.

ಹೊಣೆಗಾರಿಕೆಯನ್ನು ಅಪ್ಪಣೆಯಿಂದ ಹುಟ್ಟಿಸಲೂ ಬಾರದು. ಟಾಂಜಾನಿಯಾದ ನ್ಯೆರೆರೆಯವರು ಪ್ರಾಮಾಣಿಕರು, ಸರಳಜೀವಿಗಳು. 1967ರ ಅರೂಷಾ ಘೋಷಣೆಯಲ್ಲಿ ಸ್ವಾವಲಂಬನವೇ ರಾಷ್ಟ್ರದ ಮಾರ್ಗವೆಂದು ಸಾರಿದರು. ಅಕ್ಷರವಿದ್ಯೆಯನ್ನು ಹರಡಿದರು, ನಾನಾ ಕುಲಗಳ ಜನರನ್ನು ಒಂದುಗೂಡಿಸಿದರು. ಆದರೆ 1973ರಿಂದ 1976ರವರೆಗೆ ಅದೇ ಸ್ವಾವಲಂಬನದ ಹೆಸರಿನಲ್ಲಿ ಲಕ್ಷಾಂತರ ಒಕ್ಕಲುಗಳನ್ನು ಹಳೆಯ ನೆಲೆಗಳಿಂದ ಎಬ್ಬಿಸಿ ಹೊಸ ಹಳ್ಳಿಗಳಿಗೆ ಬಲಾತ್ಕಾರವಾಗಿ ಸಾಗಿಸಿದರು. ಕೆಲವೆಡೆ ಮನೆಗಳನ್ನು ಸುಟ್ಟರು. ಬೆಳೆ ಕುಸಿಯಿತು. ಉದ್ದೇಶವು ನಿರ್ಮಲವಾಗಿದ್ದರೂ ಬಲವಂತದ ಸ್ವಾವಲಂಬನವು ತನ್ನ ಹೆಸರನ್ನೇ ಸುಳ್ಳು ಮಾಡಿತು.

ಇದಕ್ಕೆ ಪ್ರತಿಯಾಗಿ ನೆರೆಯ ಕೀನ್ಯಾ ದೇಶದ ಒಬ್ಬ ಮಹಿಳೆಯ ಕಾರ್ಯವನ್ನು ನೋಡಬೇಕು. ವಾಂಗಾರಿ ಮಾಥಾಯಿಯವರು 1940ರಲ್ಲಿ ಒಕ್ಕಲು ಮನೆತನದಲ್ಲಿ ಹುಟ್ಟಿದವರು. ಅಮೇರಿಕೆಯಲ್ಲಿ ಓದಿ, 1971ರಲ್ಲಿ ನೈರೋಬಿಯಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. ಆ ಪದವಿಯನ್ನು ಪಡೆದ ಪೂರ್ವ ಆಫ್ರಿಕಾದ ಮೊದಲ ಮಹಿಳೆ. ಸೌದೆಗಾಗಿ, ಕುಡಿಯುವ ನೀರಿಗಾಗಿ ದಿನವೆಲ್ಲ ನಡೆಯುತ್ತಿದ್ದ ಹಳ್ಳಿಯ ಹೆಂಗಸರ ದೂರನ್ನು ಕೇಳಿ, ಮರಗಳನ್ನು ನೆಡೋಣ ಎಂದರು. 1977ನೆಯ ಜೂನ್ 5ರಂದು ನೈರೋಬಿಯ ಒಂದು ಉದ್ಯಾನದಲ್ಲಿ ಏಳು ಗಿಡಗಳನ್ನು ನೆಟ್ಟು ಗ್ರೀನ್ ಬೆಲ್ಟ್ ಚಳವಳಿಯು ಆರಂಭವಾಯಿತು. ಓದುಬರಹವಿಲ್ಲದ ಹೆಂಗಸರು ಸಸಿ ಮಾಡುವುದೆಂದರೇನು, ಅದಕ್ಕೆ ಅರಣ್ಯಶಾಸ್ತ್ರದ ಪದವಿ ಬೇಡವೇ ಎಂದು ಅಧಿಕಾರಿಗಳು ಶಂಕಿಸಿದರು. ಆ ಹೆಂಗಸರು ಒಡೆದ ಮಡಕೆಗಳಲ್ಲಿ ಬೀಜವಿಟ್ಟು ಮೊಳೆಸಿದರು. ನೆಟ್ಟ ಗಿಡಕ್ಕಲ್ಲ, ಬದುಕಿ ಉಳಿದ ಗಿಡಕ್ಕೆ ಮಾತ್ರ ಅವರಿಗೆ ಅಲ್ಪ ಪ್ರತಿಫಲ ಸಲ್ಲುತ್ತಿತ್ತು. ಈ ಒಂದು ನಿಯಮದಲ್ಲಿ ಎಷ್ಟು ವಿವೇಕವಿದೆಯೆಂಬುದನ್ನು, ವನಮಹೋತ್ಸವದ ಹೆಸರಿನಲ್ಲಿ ವರ್ಷವರ್ಷವೂ ಅದೇ ಕುಣಿಯಲ್ಲಿ ಸಸಿ ನೆಡುವ ನಾವು ಮನಗಾಣಬೇಕು. ಅವರು ನೆಟ್ಟ ಮರಗಳ ಸಂಖ್ಯೆಯು 5 ಕೋಟಿಯನ್ನು ಮೀರಿತು.

ಆದರೆ ಮರಗಳಿಗಿಂತಲೂ ಆಕೆ ನಡೆಯಿಸಿದ ಸಭೆಗಳು ನನಗೆ ಹೆಚ್ಚು ಮುಖ್ಯವೆನಿಸುತ್ತವೆ. ಹಳ್ಳಿಗರನ್ನು ಕೂಡಿಸಿ, ನಿಮ್ಮ ಕಷ್ಟಗಳೇನು ಎಂದು ಮೊದಲು ಕೇಳುವರು; ಪಟ್ಟಿಯು ಉದ್ದವಾಗುವುದು. ಈ ಕಷ್ಟಗಳಿಗೆ ಕಾರಣರು ಯಾರು ಎಂದು ಅನಂತರ ಕೇಳುವರು. ಸರಕಾರವೆಂದು ಬಹುಮಂದಿ ನುಡಿಯುವರು. ಆಕೆ ಸರಕಾರವನ್ನು ಬಿಟ್ಟುಕೊಡುತ್ತಿರಲಿಲ್ಲ. ಆದರೆ ಮುಂದುವರಿದು, ಈ ಇಳಿಜಾರಿನ ಮರವನ್ನು ಕಡಿದವರು ಯಾರು, ಹೊಳೆಯ ದಂಡೆಯವರೆಗೆ ನೇಗಿಲು ಹೂಡಿದವರು ಯಾರು ಎಂದು ಕೇಳುವರು. ತಪ್ಪು ಬಸ್ಸನ್ನು ಹತ್ತಿದವನ ದೃಷ್ಟಾಂತವನ್ನು ಆಕೆ ಹೇಳುತ್ತಿದ್ದುದುಂಟು. ದಾರಿ ಕೇಳಲು ಸಂಕೋಚಪಟ್ಟೋ, ಮತ್ತೊಬ್ಬನ ಮಾತನ್ನು ನಂಬಿಯೋ, ಅಜ್ಞಾನದಿಂದಲೋ ಹತ್ತಿರಬಹುದು. ಹತ್ತಿದ ಮೇಲೆ ಎಲ್ಲಿ ಇಳಿಯಬೇಕೆಂದು ತಾನೇ ಯೋಚಿಸಬೇಕಷ್ಟೆ.

ಈ ಪ್ರಶ್ನೆಯನ್ನು ತಮ್ಮ ಹೊಲಕ್ಕೆ ಕೇಳಿಕೊಂಡ ಜನರು ಅದನ್ನೇ ಅರಮನೆಗೂ ಕೇಳಲು ಕಲಿಯುತ್ತಾರೆ. 1989ರಲ್ಲಿ ನೈರೋಬಿಯ ಉಹೂರು ಉದ್ಯಾನದೊಳಗೆ 60 ಅಂತಸ್ತಿನ ಕಟ್ಟಡವನ್ನೆಬ್ಬಿಸಲು ಆಳುವ ಪಕ್ಷವು ಹೊರಟಾಗ ಆಕೆ ವಿರೋಧಿಸಿದರು. ಶಾಸನಸಭೆಯಲ್ಲಿ ಆಕೆಯನ್ನು ಹೀಯಾಳಿಸಿದರು. ಕಟ್ಟಡವು ಮಾತ್ರ ಏಳಲಿಲ್ಲ. 1992ರಲ್ಲಿ ರಾಜಕೀಯ ಬಂದಿಗಳ ತಾಯಂದಿರೊಡನೆ ಉಪವಾಸ ಕುಳಿತಾಗ ಪೋಲೀಸರ ಏಟಿಗೆ ಎಚ್ಚರದಪ್ಪಿದರು. 2004ರಲ್ಲಿ ನೋಬೆಲ್ ಶಾಂತಿ ಪಾರಿತೋಷಕವನ್ನು ಪಡೆದ ಆಫ್ರಿಕಾದ ಮೊದಲ ಮಹಿಳೆಯಾದರು. 2011ರಲ್ಲಿ ದೈವಾಧೀನರಾದಾಗ, ತನಗಾಗಿ ಮರ ಕಡಿಯಬಾರದೆಂಬ ಆಕೆಯ ಇಚ್ಛೆಯಂತೆ ಶವಪೆಟ್ಟಿಗೆಯನ್ನು ಬಿದಿರು ಮತ್ತು ನೀರುಹುಲ್ಲುಗಳಿಂದ ಹೆಣೆದರು.

ಒಬ್ಬೊಬ್ಬರ ಕಾಯಕದಿಂದಲೇ ಎಲ್ಲವೂ ನೆಟ್ಟಗಾಗುವುದೆಂದು ನಾನು ವಾದಿಸುವುದಿಲ್ಲ. ಯಾಕುಬಾನ ಕಾಡಿನ ಮೇಲೆಯೇ ಪೇಟೆಯ ವಿಸ್ತರಣೆಯ ನಕ್ಷೆಯು ಹಾದುಬಂದಿತು. ಆತನು ಮೂವತ್ತು ವರ್ಷ ಬೆಳೆಸಿದ ನೆಲದ ಒಂದು ಭಾಗದಲ್ಲಿ ನಿವೇಶನಗಳನ್ನು ಅಳೆದರು. ಬೆಂಕಿಯಿಟ್ಟ ನೆರೆಯವನನ್ನು ಗೆದ್ದವನು ಅಳತೆಯ ಸರಪಣಿಯೆದುರಿಗೆ ಕೈಚೆಲ್ಲಬೇಕಾಯಿತು. ವ್ಯಕ್ತಿಯು ಮಾಡಿದುದನ್ನು ಸಮಾಜವು ಕಾಯದಿದ್ದರೆ ಅದು ಒಂದು ಆಯುಷ್ಯದ ಮಟ್ಟಿಗೆ ಮಾತ್ರ.

ಹಾಗಾದರೆ ಇಲ್ಲಿ ಕುಳಿತ ನಮ್ಮ ಪಾಲೇನು? ಖಂಡವನ್ನು ಉದ್ಧರಿಸುವ ಮಾತು ನಮಗೆ ಬೇಡ. ಉದ್ಧಾರಕರನ್ನು ಆ ಖಂಡವು ಬೇಕಾದಷ್ಟು ಕಂಡಿದೆ. ನಮ್ಮ ಕೈಯಳತೆಯಲ್ಲಿರುವುದು ಬೇರೊಂದುಂಟು. 2016ನೆಯ ಜನವರಿ 31ರ ರಾತ್ರಿ ಬೆಂಗಳೂರಿನ ಹೊರವಲಯದಲ್ಲಿ ಸೂಡಾನಿನ ಯುವಕನೊಬ್ಬನ ಮೋಟಾರು ಬಡಿದು ಒಬ್ಬ ಹೆಣ್ಣುಮಗಳು ಮೃತಳಾದಳು. ಸ್ವಲ್ಪ ಹೊತ್ತಿನ ಮೇಲೆ ಆ ದಾರಿಯಾಗಿ ಬಂದ, ಅದರೊಡನೆ ಯಾವ ಸಂಬಂಧವೂ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪೊಂದು ಹಿಡಿದು ಹೊಡೆಯಿತು; ಆಕೆ ಬಂದ ವಾಹನವನ್ನು ಸುಟ್ಟಿತು. ಮೈಬಣ್ಣವೊಂದೇ ಆಕೆಯ ಅಪರಾಧ. ಕುಲವನ್ನು ಕೇಳಬಾರದೆಂದ ಶರಣರ ನಾಡಿನಲ್ಲಿ ಇದು ನಡೆಯಿತು. ಗುಂಪಿನಲ್ಲಿದ್ದವರು ಕೆಲವರು, ನೋಡುತ್ತ ನಿಂತವರು ಹಲವರು.

1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ತರುಣ ಉಪಾಧ್ಯಾಯರು ಕೂಡಿ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಕಟ್ಟಿದಾಗ, ನಮ್ಮ ಮಠಗಳು ಪ್ರಸಾದನಿಲಯಗಳನ್ನು ತೆರೆದಾಗ, ದೂರದ ಊರಿನ ಬಡಹುಡುಗನಿಗೆ ಪೇಟೆಯಲ್ಲಿ ಒಂದು ತಟ್ಟೆ ಅನ್ನವೂ ಚಾಪೆ ಹಾಸುವ ಜಾಗವೂ ದೊರಕಿದರೆ ಅವನು ತನ್ನ ಊರನ್ನು ಎತ್ತಬಲ್ಲನೆಂಬ ನಂಬುಗೆಯಿತ್ತು. ಇಂದು ಬೆಂಗಳೂರು, ಮೈಸೂರು, ಧಾರವಾಡಗಳಿಗೆ ಆಫ್ರಿಕಾದ ದೇಶಗಳಿಂದ ತರುಣ ತರುಣಿಯರು ಓದಲು ಬರುತ್ತಾರೆ. ಮನೆ ಬಾಡಿಗೆಗೆ ಕೊಡುವವರು ಅವರ ಮುಖ ನೋಡಿ ಬಾಗಿಲು ಮುಚ್ಚುವುದುಂಟು. ಒಣಬೇಸಾಯದ ಶಾಸ್ತ್ರವನ್ನು ಕಲಿಯಲು ಬರುವ ಅಂಥ ವಿದ್ಯಾರ್ಥಿಗಳಿಗಾಗಿ ಶ್ರೀಮಠದ ಪ್ರಸಾದನಿಲಯದಲ್ಲಿ ಎರಡು ಸ್ಥಾನಗಳನ್ನು ಈ ಮಹೋತ್ಸವದ ವರ್ಷದಿಂದ ಕಾದಿರಿಸಬೇಕೆಂದು ಸನ್ನಿಧಿಯಲ್ಲಿ ಭಿನ್ನವಿಸಿಕೊಳ್ಳುತ್ತೇನೆ. ಅವರು ಬರಿಯ ಅತಿಥಿಗಳಾಗಿರದೆ, ರಜೆಯ ದಿನಗಳಲ್ಲಿ ನಮ್ಮ ಒಕ್ಕಲಿಗರ ಹೊಲಗಳಿಗೆ ಹೋಗಿ ಕುಣಿ ತೋಡುವುದನ್ನು ಹೇಳಿಕೊಡಲಿ, ನಮ್ಮವರಿಂದ ಕೂರಿಗೆಯ ಬಿತ್ತನೆಯನ್ನು ಕಲಿತುಹೋಗಲಿ. ವೆಚ್ಚವು ದೊಡ್ಡದಲ್ಲ, ಭಕ್ತರಲ್ಲಿ ನಾಲ್ಕು ಮನೆಯವರು ಹಂಚಿಕೊಂಡರೆ ಸಾಗುವುದು. ಆ ನಾಲ್ವರಲ್ಲಿ ಒಬ್ಬನಾಗಿ ನನ್ನ ಹೆಸರನ್ನು ಬರೆದುಕೊಳ್ಳುವಂತೆ ಕಾರ್ಯದರ್ಶಿಗಳನ್ನು ಕೇಳಿಕೊಂಡಿದ್ದೇನೆ. ಉಳಿದ ಮೂರು ಹೆಸರುಗಳಿಗೆ ಜಾಗವಿದೆ. ಸನ್ನಿಧಿಯ ಅಪ್ಪಣೆಯಾಗಬೇಕು.